ರಾಜ ಕಟ್ಟಿಸಿದ, ಅಧಿಕಾರಿಯ ಹೆಸರು ಹೊತ್ತ ಗೋಪುರ

ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್ ಊರಿಗೆ ಹಡಗಿನಲ್ಲಿ ಬರುವವರಿಗೆ ಬಂದರಿನ ಬಾಯಲ್ಲೇ, ಎಡಕ್ಕೆ, ಒಂದು ಕಲ್ಲಿನ ಗೋಪುರ ಎದುರಾಗುತ್ತದೆ. ರೋಸೆನ್‌ಕ್ರಾಂಟ್ಸ್ ಗೋಪುರವೆಂದು ಅದರ ಹೆಸರು. ಆದರೆ ಅದನ್ನು ಮೊದಲು ಕಟ್ಟಿಸಿದ್ದು ರೋಸೆನ್‌ಕ್ರಾಂಟ್ಸ್ ಅಲ್ಲ, ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ದೊರೆ ಆರನೇ ಮ್ಯಾಗ್ನಸ್.

1274ರಲ್ಲಿ ಇಡೀ ನಾಡಿಗೆ ಒಂದೇ ಕಾನೂನು ಕೊಟ್ಟ ಅರಸ ಈತ. ತಂದೆ ಹೋಕೊನ್ ಕಟ್ಟಿಸಿದ್ದ ಔತಣಶಾಲೆಯಲ್ಲಿ 1261ರಲ್ಲಿ ಇವನ ಮದುವೆಯೂಟ ನಡೆದಿತ್ತು. ಅದರ ಸಮೀಪವೇ, ನೀರಿನಂಚಿನಲ್ಲಿ, 1270ರ ದಶಕದಲ್ಲಿ ಈ ಗೋಪುರ ಎದ್ದಿತು. ಕೋಟೆಯೂ ಹೌದು, ಅರಮನೆಯೂ ಹೌದು.

ಇದರ ಕಥೆಯಲ್ಲಿ ಕಡಲಾಚೆಯ ಸ್ಕಾಟ್ಲೆಂಡ್ ಮತ್ತೆ ಮತ್ತೆ ಬರುತ್ತದೆ. 1266ರಲ್ಲಿ ಹೆಬ್ರಿಡೀಸ್ ದ್ವೀಪಗಳನ್ನೂ ಮ್ಯಾನ್ ದ್ವೀಪವನ್ನೂ ಹಣ ಪಡೆದು ಸ್ಕಾಟರಿಗೆ ಬಿಟ್ಟುಕೊಟ್ಟವನು ಮ್ಯಾಗ್ನಸ್. ಅವನ ಮಗ ಐರಿಕ್ ಸ್ಕಾಟ್ ರಾಜಕುಮಾರಿಯನ್ನೇ ಮದುವೆಯಾದ. ಅವರ ಮಗಳು ಮಾರ್ಗರೆಟ್‌ಗೆ ತಾಯಿಯ ಕಡೆಯಿಂದ ಸ್ಕಾಟ್ಲೆಂಡಿನ ಸಿಂಹಾಸನ ಒಲಿದು ಬಂತು. 1290ರಲ್ಲಿ ಏಳು ವರ್ಷದ ಆ ಮಗುವನ್ನು ಬರ್ಗೆನ್‌ನಿಂದಲೇ ಹಡಗು ಹತ್ತಿಸಿ ಕಳಿಸಿದರು. ಅವಳು ದಾರಿಯಲ್ಲೇ, ಆರ್ಕ್ನಿ ದ್ವೀಪಗಳಲ್ಲಿ ತೀರಿಕೊಂಡಳು. ಹೊರಟ ಊರಿಗೇ ಹೆಣವಾಗಿ ಮರಳಿ, ತಾಯಿಯ ಪಕ್ಕದಲ್ಲಿ ಮಣ್ಣಾದಳು. ಹತ್ತು ವರ್ಷ ಕಳೆದ ಮೇಲೆ ಒಬ್ಬ ಹೆಂಗಸು ಬಂದು ತಾನೇ ಆ ಮಾರ್ಗರೆಟ್ ಎಂದಳು. 1301ರಲ್ಲಿ ಅವಳನ್ನು ಗೋಪುರದ ಎದುರುದಡದ ನೋರ್ಡ್ನೆಸ್‌ನಲ್ಲಿ ಜೀವಂತ ಸುಟ್ಟರು.

ಗೋಪುರಕ್ಕೆ ಈಗಿನ ರೂಪ ಬಂದದ್ದು 1560ರ ದಶಕದಲ್ಲಿ. ಆಗ ನಾರ್ವೆ ಡೆನ್ಮಾರ್ಕಿನ ಅರಸನ ಕೈಯಲ್ಲಿತ್ತು. ಕೋಟೆಯ ಅಧಿಕಾರಿ ಎರಿಕ್ ರೋಸೆನ್‌ಕ್ರಾಂಟ್ಸ್. ಹಳೆಯ ಗೋಡೆಗಳನ್ನು ಕೆಡವದೆ ಅವುಗಳ ಸುತ್ತ ಹೊಸ ಕಟ್ಟಡ ಎಬ್ಬಿಸಿದ. ಅದಕ್ಕೆ ಕರೆಸಿದ ಕಲ್ಲುಕುಟಿಗರೂ ಸ್ಕಾಟ್ಲೆಂಡಿನವರೇ. ತಳದಲ್ಲಿ ಸೆರೆಮನೆ, ನಡುವೆ ವಾಸದ ಕೋಣೆಗಳು, ನೆತ್ತಿಯಲ್ಲಿ ತೋಪುಗಳು.

1567ರಲ್ಲಿ ಸ್ಕಾಟರ ರಾಣಿ ಮೇರಿಯ ಗಂಡ ಬಾತ್‌ವೆಲ್ ದೇಶಬಿಟ್ಟು ಓಡಿಬಂದು ಇದೇ ರೋಸೆನ್‌ಕ್ರಾಂಟ್ಸ್ ಕೈಗೆ ಸಿಕ್ಕಿಬಿದ್ದ. ಅವನ ದುರದೃಷ್ಟಕ್ಕೆ, ಹಿಂದೆ ಅವನು ಕೈಬಿಟ್ಟಿದ್ದ ಆನ್ನಾ ಥ್ರೊಂಡ್‌ಸನ್ ಬರ್ಗೆನ್‌ನಲ್ಲೇ ಇದ್ದಳು, ದೂರು ಕೊಟ್ಟಳು. ಅಲ್ಲಿಂದ ಡೆನ್ಮಾರ್ಕಿಗೆ ಸಾಗಿಸಲ್ಪಟ್ಟ ಬಾತ್‌ವೆಲ್ 1578ರಲ್ಲಿ ಸೆರೆಯಲ್ಲೇ ಸತ್ತ.

ಶತಮಾನಗಳ ಮಳೆಗಾಳಿಗೆ ಜಗ್ಗದ ಗೋಡೆಗಳು ಒಂದು ಬೆಳಗ್ಗೆ ಬಿರಿದವು. 1944ರ ಏಪ್ರಿಲ್ 20ರಂದು, ಜರ್ಮನ್ನರ ವಶದಲ್ಲಿದ್ದ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ‘ವೋರ್‌ಬೋಡೆ’ ಎಂಬ ಡಚ್ ಹಡಗು ಸಿಡಿಯಿತು. ನೂರೈವತ್ತಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಗಾಯಗೊಂಡರು. ಗೋಪುರಕ್ಕೂ ಔತಣಶಾಲೆಗೂ ತೀವ್ರ ಹಾನಿಯಾಯಿತು. ಯುದ್ಧ ಮುಗಿದ ಮೇಲೆ ಬರ್ಗೆನ್ ಎರಡನ್ನೂ ಮತ್ತೆ ಎತ್ತಿ ನಿಲ್ಲಿಸಿತು.

ಈಗ ಅದು ವಸ್ತುಸಂಗ್ರಹಾಲಯ. ಇಕ್ಕಟ್ಟಾದ ಮೆಟ್ಟಿಲು ಹತ್ತುತ್ತ ಮ್ಯಾಗ್ನಸ್‌ನ ಗೋಡೆ ದಾಟಿ ರೋಸೆನ್‌ಕ್ರಾಂಟ್ಸ್‌ನ ಕೋಣೆಗೆ ಹೋಗಬಹುದು. ನೆತ್ತಿಗೇರಿದರೆ ಒಂದು ಕಡೆ ಬ್ರಿಗ್ಗೆನ್ನಿನ ಮರದ ಮನೆಸಾಲು, ನೀರಿನಾಚೆ ನೋರ್ಡ್ನೆಸ್.