ಅಡುಗೆಮನೆ ಅರಗಿನ ಮನೆಯಾಗದಿರಲಿ

ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ, ಮನೆ ಕಟ್ಟಿಸುವ ನಮ್ಮವರು ಅಡುಗೆಮನೆಗೆ ವಿಶೇಷ ಗಮನ ಕೊಡುತ್ತಿರುವುದು ಸಂತೋಷದ ವಿಷಯ. ತೇಗ, ಹಲಸು, ಮಲೆಯಾಳಿಗಳು ಅಂಜಿಲಿ ಎನ್ನುವ ಹೆಬ್ಬಲಸು ಮುಂತಾದ ಮರಗಳಿಂದ ಕಪಾಟುಗಳನ್ನು ಮಾಡಿಸಿ, ಮರದ ಸಹಜವಾದ ಬಣ್ಣವೂ ಎಳೆಯೂ ಕಾಣುವಂತೆ ಪಾರದರ್ಶಕ ಮೆರುಗೆಣ್ಣೆ ಹಾಕಿಸುವುದು ಈಗಿನ ವಾಡಿಕೆ. ನಮ್ಮ ಹಿರಿಯರು ಮಾಡಿನ ಪಕಾಸುಗಳಿಗೆ ಗೇರೆಣ್ಣೆಯನ್ನು ಬಳಿಯುತ್ತಿದ್ದರು. ಕುರ್ಚಿ ಮೇಜುಗಳಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ಒರಸುತ್ತಿದ್ದರು. ಆ ಸ್ಥಾನದಲ್ಲಿಂದು ಸ್ಪ್ರೇ ಗನ್ ಬಂದು ನಿಂತಿದೆ. ಕೆಲಸ ಬೇಗನೆ ಮುಗಿಯುತ್ತದೆ. ಕುಂಚದ ಗೆರೆ ಉಳಿಯುವುದಿಲ್ಲ. ದೋಷವು ಯಂತ್ರದ್ದಲ್ಲ, ಮುಚ್ಚಿದ ಅಡುಗೆಮನೆಯೊಳಗೆ ಅದನ್ನು ಪ್ರಯೋಗಿಸುವ ನಮ್ಮ ಅವಸರದ್ದು.

ಹೋಟೆಲು ನಡೆಸುವವರಿಗಂತೂ ಈ ಅವಸರ ಸಹಜ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿದರೆ, ಬೆಳಗಿನ ನಾಲ್ಕಕ್ಕೆ ಇಡ್ಲಿ ಪಾತ್ರೆ ಒಲೆಯ ಮೇಲೆ ಏರಲೇಬೇಕು. ನಡುವಿನ ಆರು ಗಂಟೆಗಳಲ್ಲಿ ಕಪಾಟುಗಳ ಕೆಲಸವನ್ನು ಮುಗಿಸಿಬಿಡೋಣವೆಂದು ತೋರುತ್ತದೆ. ಆದರೆ ಆಗ ಆ ಕೋಣೆಯಲ್ಲಿ ನಡೆಯುವುದೇನೆಂಬುದನ್ನು ತಿಳಿದವರು ಹಾಗೆ ಮಾಡಲಾರರು.

ನೈಟ್ರೋಸೆಲ್ಯುಲೋಸ್ ಲ್ಯಾಕರಿಗೆ ಬೆರೆಸುವ ತಿನ್ನರಿನಲ್ಲಿ ಸಾಮಾನ್ಯವಾಗಿ ಟಾಲ್ಯೂಯಿನ್ ಎಂಬ ದ್ರವವಿರುತ್ತದೆ. ಅದರ ಒಂದು ಲೀಟರು ಆರಿದರೆ ಸುಮಾರು 230 ಲೀಟರು ಆವಿಯಾಗುತ್ತದೆ. ಗಾಳಿಯಲ್ಲಿ ಈ ಆವಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚಾದರೆ ಸಾಕು, ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುವುದು. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಕೋಣೆಯನ್ನು ಮುಚ್ಚಿಟ್ಟರೆ, ಆ ಸ್ಥಿತಿಗೆ ಸುಮಾರು ಒಂದೂಕಾಲು ಲೀಟರು ಸಾಕೆಂದು ಲೆಕ್ಕ ತೋರಿಸುತ್ತದೆ. ಈ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಆದುದರಿಂದ ನೆಲದ ಬಳಿ ಇನ್ನೂ ಬೇಗನೆ ದಟ್ಟವಾಗುವುದು. ನಂದಿಸದೆ ಬಿಟ್ಟ ಒಲೆಯಾಗಲಿ, ತಾನಾಗಿ ಚಾಲೂ ಆಗುವ ರೆಫ್ರಿಜರೇಟರಾಗಲಿ, ದೀಪದ ಗುಂಡಿಯಾಗಲಿ ಆ ಕಿಡಿಯನ್ನು ಒದಗಿಸಬಲ್ಲದು. ಹೊಗೆ ಹೊರಹಾಕುವ ಸಾಮಾನ್ಯ ಫ್ಯಾನಿನ ಮೋಟಾರೂ ಇದಕ್ಕೆ ಹೊರತಲ್ಲ.

ಬೆಂಕಿ ತಗಲದಿದ್ದರೂ ಅಪಾಯ ತಪ್ಪಿತೆನ್ನುವಂತಿಲ್ಲ. ಎರಡು ಡಬ್ಬಿಗಳನ್ನು ಬೆರೆಸಿ ಹಾಕುವ ಪಾಲಿಯುರೆಥೇನ್ ಮೆರುಗಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ವರ್ಗದ ಪದಾರ್ಥಗಳಿರುತ್ತವೆ. ತುಂತುರಿನಲ್ಲಿ ಇವನ್ನು ಉಸಿರಾಡಿದ ಕೆಲಸಗಾರನಿಗೆ ಉಬ್ಬಸ ಬರಬಹುದು. ಒಮ್ಮೆ ಬಂದ ಬಳಿಕ ಅಲ್ಪ ಪ್ರಮಾಣವೂ ಅವನಿಗೆ ಸಹಿಸದು. ಮುಖಕ್ಕೆ ಕಟ್ಟಿದ ಬೈರಾಸು ಇದನ್ನು ಎಳ್ಳಷ್ಟೂ ತಡೆಯಲಾರದು. ಹೊರಗಿನಿಂದ ಶುದ್ಧ ವಾಯುವನ್ನು ಒದಗಿಸುವ ಮುಖವಾಡವೇ ಬೇಕು. ಈ ಕೆಲಸಕ್ಕೆ ಬರುವವರಲ್ಲಿ ಬಂಗಾಳ, ಬಿಹಾರ, ಅಸ್ಸಾಂಗಳ ಹುಡುಗರೂ ಇದ್ದಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ಅವರು. ನಾವೂ ಹಾಗೆಯೇ ಬಂದವರಲ್ಲವೆ? ನಮ್ಮ ಕಪಾಟಿನ ಹೊಳಪಿಗೆ ಅವರ ಶ್ವಾಸವನ್ನು ಬೆಲೆಯಾಗಿ ಕೊಡಿಸುವುದು ನ್ಯಾಯವಲ್ಲ.

ಇನ್ನು ಈ ನಾಡಿನ ಮಳೆ. ಇಡವಪ್ಪಾದಿಯಲ್ಲೂ ತುಲಾವರ್ಷದಲ್ಲೂ ಗಾಳಿಯೆಲ್ಲ ತೇವ. ಲ್ಯಾಕರು ಬೇಗನೆ ಆರುವಾಗ ಮರದ ಮೈ ತಣ್ಣಗಾಗಿ, ಗಾಳಿಯಲ್ಲಿನ ನೀರು ಅದರ ಮೇಲೆ ಕೂತು, ಮೆರುಗು ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಪಾಲಿಯುರೆಥೇನಿನ ಗಟ್ಟಿಕಾರಕವಾದರೋ ನೀರಿನೊಡನೆ ಕೂಡಿ ಅಂಗಾರಾಮ್ಲ ವಾಯುವನ್ನು ಹುಟ್ಟಿಸಿ ಗುಳ್ಳೆಗಳನ್ನೆಬ್ಬಿಸುವುದು. ಹಣ ತೆತ್ತೂ ಕೆಲಸ ಕೆಡುತ್ತದೆ. ಜನವರಿ, ಫೆಬ್ರವರಿಗಳ ಒಣ ದಿನಗಳೇ ಇದಕ್ಕೆ ಮೇಲು.

ಹಾಗಾದರೆ ಮಾಡಬೇಕಾದುದೇನು? ಕಪಾಟಿನ ಕದಗಳನ್ನೂ ಡ್ರಾಯರುಗಳನ್ನೂ ತಿರುಪು ಬಿಚ್ಚಿ, ಗುರುತಿನ ಅಂಕೆ ಬರೆದು, ಬಡಗಿಯ ಕಾರ್ಖಾನೆಗೆ ಕಳುಹಿಸಿ ಅಲ್ಲಿಯೇ ಸ್ಪ್ರೇ ಮಾಡಿಸತಕ್ಕದ್ದು. ಗೋಡೆಗೆ ಕೂಡಿಸಿದ ಚೌಕಟ್ಟುಗಳಿಗೆ ನೀರಿನಲ್ಲಿ ಬೆರೆಯುವ ಮೆರುಗನ್ನು ಕುಂಚದಿಂದ ತೆಳುವಾಗಿ ಎರಡು ಮೂರು ಸಲ ಹಚ್ಚಿದರೆ ಸಾಕು. ಆಗಲೂ ಗ್ಯಾಸಿನ ಸಿಲಿಂಡರು ಹೊರಗಿರಲಿ; ರೆಫ್ರಿಜರೇಟರಿನ ಪ್ಲಗ್ಗನ್ನು ಮೊದಲೇ ತೆಗೆದಿರಲಿ; ಎದುರುಬದಿರು ಕಿಟಕಿಗಳು ತೆರೆದಿರಲಿ. ಫ್ಯಾನು ಬೇಕಾದರೆ ಅದನ್ನು ಬಾಗಿಲಿನಾಚೆ, ಶುದ್ಧ ಗಾಳಿ ಬರುವ ಕಡೆ ಇಟ್ಟು ಒಳಕ್ಕೆ ಬೀಸಿಸಬೇಕು. ಅಗಸೆ ಎಣ್ಣೆ ಒರಸಿದ ಬಟ್ಟೆಯನ್ನು ಮುದುಡಿ ಮೂಲೆಗೆಸೆದರೆ ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಬೆರಳಿಗೆ ಒಣಗಿದಂತೆ ತೋರಿದ ಮಾತ್ರಕ್ಕೆ ಮೆರುಗು ಪೂರ್ತಿ ಗಟ್ಟಿಯಾಯಿತೆಂದು ತಿಳಿಯಬಾರದು. ವಾಸನೆ ಹೋಗುವವರೆಗೆ ದಿನಸಿಯನ್ನು ಒಳಗಿಡಬಾರದು.

ಅರಗಿನ ಮನೆಯಲ್ಲಿದ್ದ ಪಾಂಡವರಿಗೆ ಮುನ್ನೆಚ್ಚರಿಕೆ ಕೊಡಲು ವಿದುರನಿದ್ದನು, ಪಾರಾಗಲು ಸುರಂಗವಿತ್ತು. ಪಾಲಿಷ್ ಹುಡುಗನಿಗೆ ಇವೆರಡೂ ಇಲ್ಲ. ಆದುದರಿಂದ ಗುತ್ತಿಗೆಯ ಮಾತುಕತೆ ನಡೆಸುವಾಗಲೇ, ದರವನ್ನು ಕೇಳುವುದಕ್ಕೆ ಮೊದಲು, ಕದಗಳನ್ನು ಬಿಚ್ಚಿ ಹೊರಗೊಯ್ಯುವಿರಾ ಎಂದು ಯಜಮಾನರು ಕೇಳಲಿ. ಅದಕ್ಕಾಗಿ ನಾಲ್ಕು ದಿನ ಹೆಚ್ಚು ಹಿಡಿದರೆ ಹಿಡಿಯಲಿ. ಒಂದು ದಿನ ಹೋಟೆಲು ಮುಚ್ಚಬೇಕಾದರೆ ಮುಚ್ಚಲಿ. ಒಂದು ದಿನದ ವ್ಯಾಪಾರವನ್ನು ಮರುವಾರ ಗಳಿಸಬಹುದು.