ಟ್ರಿಪ್ ಹ್ಯಾಮರ್ ಎಂದರೇನು?

ನೇಗಿಲ ಗುಳ ತಟ್ಟಿಸಲು ಕುಲುಮೆಗೆ ಹೋದಾಗ ಆಚಾರಿಯು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿಯುವುದನ್ನೂ, ಎದುರಿಗೆ ಮತ್ತೊಬ್ಬನು ನಿಂತು ಚಮ್ಮಟಿಗೆ ಬೀಸುವುದನ್ನೂ ನೀವು ನೋಡಿದ್ದೀರಿ. ಆ ಎರಡನೆಯವನ ಕೆಲಸವನ್ನು ನೀರಿನ ಚಕ್ರಕ್ಕೆ ಒಪ್ಪಿಸಿದ ಯಂತ್ರವೇ ಟ್ರಿಪ್ ಹ್ಯಾಮರ್.

ಹ್ಯಾಮರ್ ಎಂದರೆ ಸುತ್ತಿಗೆ. ಟ್ರಿಪ್ ಎಂದರೆ ಇಲ್ಲಿ ಪ್ರಯಾಣವಲ್ಲ, ತಡೆ ಕಳಚಿ ಬೀಳುವುದು. ಉದ್ದನೆಯ ತೊಲೆಯ ಒಂದು ತುದಿಗೆ ಭಾರವಾದ ಕಬ್ಬಿಣದ ತಲೆ, ನಡುವೆ ಕೀಲು. ನೀರಿನ ಚಕ್ರದೊಡನೆ ತಿರುಗುವ ದಿಂಡಿಗೆ ಹಲ್ಲುಗಳಿರುತ್ತವೆ. ಹಲ್ಲು ತೊಲೆಯ ಇನ್ನೊಂದು ತುದಿಯನ್ನು ಕೆಳಕ್ಕೆ ಒತ್ತಿದಾಗ ತಲೆ ಮೇಲೇಳುತ್ತದೆ. ಹಲ್ಲು ಜಾರಿದೊಡನೆ ಧೊಪ್ಪೆಂದು ಬೀಳುತ್ತದೆ. ದಿಂಡಿಗೆ ಎಷ್ಟು ಹಲ್ಲೋ, ಒಂದು ಸುತ್ತು ಬರುವಷ್ಟರಲ್ಲಿ ಅಷ್ಟು ಪೆಟ್ಟು.

ಇದು ಕಬ್ಬಿಣಕ್ಕೆ ಮಾತ್ರ ಮೀಸಲಾದುದಲ್ಲ. ಚೀನಾ ದೇಶದ ವಿದ್ವಾಂಸ ಹುವಾನ್ ತಾನ್ ಎಂಬುವನು ಕ್ರಿ.ಶ. 20ರ ಸುಮಾರಿನಲ್ಲಿಯೇ ಧಾನ್ಯ ಕುಟ್ಟುವ ಇಂಥ ಸಾಧನದ ಬಗ್ಗೆ ಬರೆದಿದ್ದಾನೆ. ಕೈಯ ಒನಕೆಗಿಂತ ಕಾಲಿನಿಂದ ತುಳಿಯುವುದು ಮೇಲು, ಅದಕ್ಕಿಂತ ಪ್ರಾಣಿಗಳ ಮತ್ತು ನೀರಿನ ಬಲ ಬಹಳ ಮೇಲು ಎಂಬುದು ಅವನ ಮಾತಿನ ಸಾರ. ಒನಕೆ ಹಿಡಿದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಇಂಗ್ಲೆಂಡಿನ ಷೆಫೀಲ್ಡಿನ ಅಬೀಡೇಲ್‌ನಲ್ಲಿ ಇಂಥ ಸುತ್ತಿಗೆಗಳಿಂದ ಹುಲ್ಲು ಕೊಯ್ಯುವ ದೊಡ್ಡ ಕುಡುಗೋಲುಗಳನ್ನು ತಯಾರಿಸುತ್ತಿದ್ದರು. 1842ರಲ್ಲಿ ಜೇಮ್ಸ್ ನಾಸ್ಮಿತ್ ಆವಿಯ ಸುತ್ತಿಗೆಗೆ ಪೇಟೆಂಟು ಪಡೆದ ಮೇಲೆ ದೊಡ್ಡ ಕಾರ್ಖಾನೆಗಳು ಅದರ ಕಡೆ ತಿರುಗಿದವು.

ಈಗಿನ ಕುಲುಮೆಗಳಲ್ಲಿ ವಿದ್ಯುತ್ ಮೋಟಾರಿನಿಂದ ನಡೆಯುವುದಕ್ಕೆ ಪವರ್ ಹ್ಯಾಮರ್ ಎಂಬ ಹೆಸರು ಸರಿಯಾದುದು. ಅದರಲ್ಲಿ ಹಲ್ಲು ಜಾರುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಕೆಲವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದುಂಟು. ಹೆಸರು ಯಾವುದಾದರೂ ಲಾಭ ಒಂದೇ: ಬೇಗ ಬೇಗ ಪೆಟ್ಟು ಬೀಳುವುದರಿಂದ ಕಬ್ಬಿಣ ಆರುವ ಮೊದಲೇ ಹೆಚ್ಚು ಕೆಲಸವಾಗುತ್ತದೆ, ಮತ್ತೆ ಮತ್ತೆ ಕಾಯಿಸುವ ಇದ್ದಲು ಉಳಿಯುತ್ತದೆ.

ಆದರೆ ಒಂದು ವಿಷಯವನ್ನು ನೀವೇ ಕಣ್ಣಿಟ್ಟು ನೋಡಬೇಕು. ಗುಳದ ಕೆಂಪು ಇಳಿದು ಕಪ್ಪಾದ ಮೇಲೂ ಭಾರಿ ಪೆಟ್ಟು ಬೀಳುತ್ತಿದ್ದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಬಹುದು. ಅದು ಕುಲುಮೆಯಲ್ಲಿ ಕಾಣದು, ಬಿತ್ತನೆಯ ಹೊತ್ತಿಗೆ ಹೊಲದಲ್ಲಿ ಮುರಿದಾಗ ಕಾಣುತ್ತದೆ. ಸಂಕೋಚಪಡದೆ, “ಆಚಾರ್ರೇ, ಇನ್ನೊಂದು ಸಲ ಕಾಯಿಸಿಬಿಡಿ” ಎಂದು ಹೇಳಿ. ಯಂತ್ರ ನಡೆಯುವಾಗ ಕಾದ ಕಬ್ಬಿಣದ ಚೂರು ಸಿಡಿಯುತ್ತದೆ. ಆದುದರಿಂದ ದೂರ ನಿಲ್ಲಿ, ಮಕ್ಕಳನ್ನು ಹೊರಗೇ ಬಿಟ್ಟು ಬನ್ನಿ.