ಗರಿಫುನಾ ಕರಾವಳಿಯ ಸಾಂಸ್ಕೃತಿಕ ಪ್ರವಾಸ

ಗರಿಫುನಾ ಕರಾವಳಿಯ ಸಾಂಸ್ಕೃತಿಕ ಪ್ರವಾಸವೆಂದರೆ ಮಧ್ಯ ಅಮೆರಿಕದ ಕೆರಿಬಿಯನ್ ಕಡಲತೀರದಲ್ಲಿರುವ ಗರಿಫುನಾ ಜನರ ಊರುಗಳಲ್ಲಿ ಕೆಲದಿನ ತಂಗಿ, ಅವರ ಭಾಷೆ, ಆಹಾರ, ಸಂಗೀತ ಮತ್ತು ಆಚರಣೆಗಳನ್ನು ಹತ್ತಿರದಿಂದ ಅರಿಯುವ ಪ್ರವಾಸ. ಈ ಊರುಗಳು ಬೆಲೀಜ್, ಗ್ವಾಟೆಮಾಲಾ, ಹೊಂಡುರಾಸ್ ಮತ್ತು ನಿಕರಾಗುವಾ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋಗಿವೆ. 'ಗರಿಫುನಾ' ಎಂಬುದು ಜನಾಂಗದ ಹೆಸರೂ ಹೌದು, ಅವರ ಭಾಷೆಯ ಹೆಸರೂ ಹೌದು; ಬಹುವಚನದಲ್ಲಿ ಅವರು ತಮ್ಮನ್ನು 'ಗರಿನಾಗು' ಎಂದು ಕರೆದುಕೊಳ್ಳುತ್ತಾರೆ. ಗರಿಫುನಾ ಭಾಷೆ, ನೃತ್ಯ ಮತ್ತು ಸಂಗೀತವನ್ನು ಯುನೆಸ್ಕೊ ಸಂಸ್ಥೆಯು 2001ರಲ್ಲಿ ಮಾನವಕುಲದ ಮೌಖಿಕ ಹಾಗೂ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿತು. 2008ರಲ್ಲಿ ಅದು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿತು.

ಇತಿಹಾಸ

ಗರಿಫುನಾ ಜನಾಂಗವು ರೂಪುಗೊಂಡದ್ದು ಪೂರ್ವ ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ. ಗರಿಫುನಾ ಭಾಷೆಯಲ್ಲಿ ಈ ದ್ವೀಪಕ್ಕೆ 'ಯುರುಮೇನ್' ಎಂಬ ಹೆಸರಿದೆ. 17ನೇ ಶತಮಾನದಲ್ಲಿ ಒಡೆದ ಗುಲಾಮರ ಹಡಗುಗಳಿಂದ ಪಾರಾದ ಹಾಗೂ ನೆರೆಯ ದ್ವೀಪಗಳ ತೋಟಗಳಿಂದ ತಪ್ಪಿಸಿಕೊಂಡು ಬಂದ ಆಫ್ರಿಕನ್ನರು ಇಲ್ಲಿನ ಮೂಲನಿವಾಸಿಗಳಾದ ಕಲಿನಾಗೋ ಜನರೊಡನೆ ಬೆರೆತರು. ಅವರ ಸಂತತಿಯನ್ನು ಬ್ರಿಟಿಷರು 'ಕಪ್ಪು ಕ್ಯಾರಿಬರು' ಎಂದು ಕರೆದರು.

1763ರ ಪ್ಯಾರಿಸ್ ಒಪ್ಪಂದದ ಮೂಲಕ ದ್ವೀಪವು ಬ್ರಿಟನ್ನಿನ ವಶವಾಯಿತು. ಕಬ್ಬಿನ ತೋಟಗಳಿಗಾಗಿ ಗರಿಫುನಾ ಜನರ ಫಲವತ್ತಾದ ಭೂಮಿಯ ಮೇಲೆ ವಸಾಹತುಗಾರರು ಕಣ್ಣಿಟ್ಟದ್ದರಿಂದ ಎರಡು ಯುದ್ಧಗಳು ನಡೆದವು. ಮೊದಲನೆಯದು 1773ರ ಒಪ್ಪಂದದೊಂದಿಗೆ ಮುಗಿಯಿತು. 1795ರಲ್ಲಿ ಆರಂಭವಾದ ಎರಡನೆಯ ಯುದ್ಧದಲ್ಲಿ ನಾಯಕ ಜೋಸೆಫ್ ಚಟೋಯರ್ ಮಾರ್ಚ್ 14ರಂದು ಹತನಾದನು. ಆತನು ಇಂದು ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶದ ರಾಷ್ಟ್ರವೀರನೆಂದು ಗೌರವಿಸಲ್ಪಡುತ್ತಾನೆ. 1796ರ ಸೋಲಿನ ಬಳಿಕ ನಾಲ್ಕು ಸಾವಿರಕ್ಕೂ ಹೆಚ್ಚು ಗರಿಫುನಾ ಜನರನ್ನು ಬಾಲಿಸೋ ಎಂಬ ಪುಟ್ಟ ದ್ವೀಪದಲ್ಲಿ ಬಂಧನದಲ್ಲಿರಿಸಲಾಯಿತು. ರೋಗದಿಂದಾಗಿ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅಲ್ಲಿಯೇ ಮಡಿದರು. ಉಳಿದವರನ್ನು ಹಡಗುಗಳಲ್ಲಿ ತುಂಬಿ, 1797ರ ಏಪ್ರಿಲ್ 12ರಂದು ಹೊಂಡುರಾಸ್ ತೀರದಾಚೆಯ ರೊವಾಟಾನ್ ದ್ವೀಪದಲ್ಲಿ ಇಳಿಸಲಾಯಿತು. ಅಲ್ಲಿಂದ ಅವರು ಮುಖ್ಯ ಭೂಮಿಯ ತ್ರುಹಿಯೊ ಪಟ್ಟಣಕ್ಕೆ ಸಾಗಿ, ಮುಂದಿನ ದಶಕಗಳಲ್ಲಿ ಕರಾವಳಿಯುದ್ದಕ್ಕೂ ನೆಲೆಸಿದರು. ಇಂದಿನ ಊರುಗಳೆಲ್ಲವೂ ಈ ಗಡೀಪಾರಿನ ನಂತರ ಕಟ್ಟಿಕೊಂಡವು. ಹಾಗಾಗಿ ಅಲ್ಲಿನ ಹಬ್ಬಗಳಲ್ಲಿ ದೋಣಿ, ಕಡಲು ಮತ್ತು ಕಳೆದುಕೊಂಡ ದ್ವೀಪದ ನೆನಪು ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ.

ಪ್ರಮುಖ ಊರುಗಳು

ಬೆಲೀಜ್‌ನ ಡಂಗ್ರಿಗಾ ಪಟ್ಟಣವನ್ನು ಆ ದೇಶದ ಗರಿಫುನಾ ಸಂಸ್ಕೃತಿಯ ಕೇಂದ್ರವೆಂದು ಪರಿಗಣಿಸಲಾಗುತ್ತದೆ. ಜನಾಂಗದ ಇತಿಹಾಸವನ್ನು ತಿಳಿಸುವ ಗುಲಿಸಿ ಗರಿಫುನಾ ವಸ್ತುಸಂಗ್ರಹಾಲಯವು ಇಲ್ಲಿದೆ. ರಾಜಧಾನಿ ಬೆಲ್ಮೊಪಾನ್‌ನಿಂದ ಹಮ್ಮಿಂಗ್‌ಬರ್ಡ್ ಹೆದ್ದಾರಿಯ ಮೂಲಕ ಬಸ್ಸಿನಲ್ಲಿ ಈ ಪಟ್ಟಣವನ್ನು ತಲುಪಬಹುದು. ಡಂಗ್ರಿಗಾದ ದಕ್ಷಿಣಕ್ಕಿರುವ ಹಾಪ್ಕಿನ್ಸ್ ಗ್ರಾಮವು ಪ್ರವಾಸಿಗರಲ್ಲಿ ಹೆಚ್ಚು ಜನಪ್ರಿಯವಾಗಿದೆ. 1941ರ ಚಂಡಮಾರುತದಲ್ಲಿ ನ್ಯೂಟೌನ್ ಎಂಬ ಊರು ನಾಶವಾದಾಗ ಅಲ್ಲಿನ ನಿವಾಸಿಗಳು ಬಂದು 1942ರಲ್ಲಿ ಈ ಗ್ರಾಮವನ್ನು ಸ್ಥಾಪಿಸಿದರು. 1923ರಲ್ಲಿ ನೀರಿನಲ್ಲಿ ಮುಳುಗಿ ಮೃತಪಟ್ಟ ಕ್ಯಾಥೊಲಿಕ್ ಬಿಷಪ್ ಫ್ರೆಡರಿಕ್ ಹಾಪ್ಕಿನ್ಸ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. ದೇಶದ ದಕ್ಷಿಣ ತುದಿಯ ಬರಾಂಕೊ ಒಂದು ಸಣ್ಣ ಗ್ರಾಮವಾಗಿದ್ದು, ಸಂಗೀತಗಾರ ಆಂಡಿ ಪಲಾಸಿಯೊ ಅವರ ಹುಟ್ಟೂರು.

ಗ್ವಾಟೆಮಾಲಾದ ಲಿವಿಂಗ್‌ಸ್ಟನ್ ಪಟ್ಟಣಕ್ಕೆ ರಸ್ತೆಯ ಸಂಪರ್ಕವಿಲ್ಲ. ಪೋರ್ಟೊ ಬ್ಯಾರಿಯೊಸ್ ಬಂದರಿನಿಂದ ಅಥವಾ ರಿಯೊ ಡುಲ್ಸೆ ನದಿಯ ಮಾರ್ಗವಾಗಿ ದೋಣಿಯಲ್ಲಿಯೇ ಸಾಗಬೇಕು. ಹೊಂಡುರಾಸ್‌ನಲ್ಲಿ ರೊವಾಟಾನ್ ದ್ವೀಪದ ಪುಂತಾ ಗೋರ್ಡಾ ಅತ್ಯಂತ ಹಳೆಯ ನೆಲೆಯಾಗಿದೆ. ನಿಕರಾಗುವಾದ ಪರ್ಲ್ ಲಗೂನ್ ಎಂಬ ಹಿನ್ನೀರಿನ ದಡದಲ್ಲಿರುವ ಒರಿನೊಕೊ ಆ ದೇಶದ ಮುಖ್ಯ ಗರಿಫುನಾ ಗ್ರಾಮವಾಗಿದೆ.

ಋತುಮಾನ ಮತ್ತು ಹಬ್ಬಗಳು

ಈ ಕರಾವಳಿಯಲ್ಲಿ ಚಂಡಮಾರುತಗಳ ಅವಧಿಯು ಜೂನ್‌ನಿಂದ ನವೆಂಬರ್‌ವರೆಗೆ ಇರುತ್ತದೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಮಳೆ ಕಡಿಮೆ. ಆದರೆ ಪ್ರಮುಖ ಹಬ್ಬಗಳಲ್ಲಿ ಎರಡು ಮಳೆಗಾಲದ ಕೊನೆಯಲ್ಲಿಯೇ ಬರುತ್ತವೆ.

ಬೆಲೀಜ್‌ನಲ್ಲಿ ನವೆಂಬರ್ 19ರಂದು ಗರಿಫುನಾ ನೆಲೆಸುವಿಕೆಯ ದಿನವನ್ನು ಆಚರಿಸಲಾಗುತ್ತದೆ. 1832ರಲ್ಲಿ ಗರಿಫುನಾ ಜನರ ಒಂದು ದೊಡ್ಡ ಗುಂಪು ದಕ್ಷಿಣ ಬೆಲೀಜ್‌ಗೆ ಬಂದಿಳಿದುದರ ಸ್ಮರಣೆ ಇದು. ಥಾಮಸ್ ವಿನ್ಸೆಂಟ್ ರಾಮೋಸ್ ಅವರು 1941ರಲ್ಲಿ ಈ ಆಚರಣೆಯನ್ನು ಆರಂಭಿಸಿದರು; 1977ರಿಂದ ಅದು ರಾಷ್ಟ್ರೀಯ ರಜಾದಿನವಾಗಿದೆ. ಅಂದು ಬೆಳಗಿನ ಜಾವ ಮರಗೆಣಸಿನ ಗಿಡ, ಬಾಳೆ ಮತ್ತು ಡೋಲುಗಳನ್ನು ಹೊತ್ತ ದೋಣಿಗಳು ದಡಕ್ಕೆ ಬರುತ್ತವೆ. ದಡದಲ್ಲಿ ಕಾದಿರುವವರು ಹಾಡುತ್ತ ಅವುಗಳನ್ನು ಎದುರುಗೊಂಡು, ಮೆರವಣಿಗೆಯಲ್ಲಿ ಚರ್ಚಿಗೆ ತೆರಳುತ್ತಾರೆ. ಈ ದಿನಗಳಲ್ಲಿ ತಂಗುವ ಮನೆಗಳು ಬೇಗನೆ ತುಂಬುವುದರಿಂದ ಮುಂಚಿತವಾಗಿ ಸ್ಥಳ ಕಾಯ್ದಿರಿಸುವುದು ವಾಡಿಕೆ. ಗ್ವಾಟೆಮಾಲಾದಲ್ಲಿ ನವೆಂಬರ್ 26ರಂದೂ ಹೊಂಡುರಾಸ್‌ನಲ್ಲಿ ಏಪ್ರಿಲ್ 12ರಂದೂ ಇಂತಹ ಆಚರಣೆಗಳು ನಡೆಯುತ್ತವೆ.

ಭಾಷೆ

ಆಫ್ರಿಕನ್ ಮೂಲದವರು ಬಹುಸಂಖ್ಯೆಯಲ್ಲಿದ್ದರೂ ಗರಿಫುನಾ ಭಾಷೆಯು ದಕ್ಷಿಣ ಅಮೆರಿಕದ ಅರಾವಾಕ್ ಭಾಷಾ ಕುಟುಂಬಕ್ಕೆ ಸೇರಿದೆ. ಇದರಲ್ಲಿ ಕ್ಯಾರಿಬ್, ಫ್ರೆಂಚ್, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಗಳಿಂದ ಬಂದ ಪದಗಳೂ ಇವೆ. ಕೆಲವು ವಸ್ತುಗಳಿಗೆ ಪುರುಷರು ಒಂದು ಪದವನ್ನೂ ಸ್ತ್ರೀಯರು ಇನ್ನೊಂದು ಪದವನ್ನೂ ಬಳಸುವ ಪದ್ಧತಿ ಈ ಭಾಷೆಯ ವೈಶಿಷ್ಟ್ಯ. ಬೆಳಗಿನ ವಂದನೆಗೆ 'ಬುಯಿಟಿ ಬಿನಾಫಿ' ಎಂದೂ ಕೃತಜ್ಞತೆಗೆ 'ಸೆರೆಮೇನ್' ಎಂದೂ ಹೇಳಲಾಗುತ್ತದೆ. ಶಾಲೆ ಮತ್ತು ಉದ್ಯೋಗಗಳಲ್ಲಿ ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಬಳಕೆಯಲ್ಲಿರುವುದರಿಂದಲೂ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಹಳಷ್ಟು ಮಂದಿ ವಲಸೆ ಹೋಗಿರುವುದರಿಂದಲೂ ಹಲವು ಊರುಗಳಲ್ಲಿ ಮಕ್ಕಳಿಗೆ ಈ ಭಾಷೆ ಬರುವುದಿಲ್ಲ. ಡಂಗ್ರಿಗಾದ ಗುಲಿಸಿ ಪ್ರಾಥಮಿಕ ಶಾಲೆಯಲ್ಲಿ ಗರಿಫುನಾ ಭಾಷೆಯನ್ನೂ ಕಲಿಸಲಾಗುತ್ತಿದೆ.

ಆಹಾರ

ಮರಗೆಣಸು, ಬಾಳೆಕಾಯಿ, ತೆಂಗಿನಕಾಯಿ ಮತ್ತು ಮೀನು ಇಲ್ಲಿನ ಅಡುಗೆಯ ಆಧಾರಗಳು. 'ಹುದುತ್' ಎಂಬ ಪ್ರಸಿದ್ಧ ಊಟದಲ್ಲಿ ಬೇಯಿಸಿದ ಬಾಳೆಕಾಯಿಯನ್ನು ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟಿ ಮುದ್ದೆ ಮಾಡಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನಿನ ಸಾರಿನೊಂದಿಗೆ ಬಡಿಸುತ್ತಾರೆ.

'ಎರೆಬಾ' ಎಂಬುದು ಮರಗೆಣಸಿನ ತೆಳುವಾದ ಗರಿಗರಿ ರೊಟ್ಟಿ. ಕಹಿ ಮರಗೆಣಸಿನಲ್ಲಿ ಸೈನೈಡ್ ವಿಷವನ್ನು ಉಂಟುಮಾಡುವ ಅಂಶವಿರುವುದರಿಂದ ಅದನ್ನು ಹಾಗೆಯೇ ತಿನ್ನುವಂತಿಲ್ಲ. ಗೆಡ್ಡೆಯನ್ನು ಸುಲಿದು, ಚೂಪಾದ ಕಲ್ಲಿನ ಚೂರುಗಳನ್ನು ನೆಟ್ಟ ಹಲಗೆಯ ಮೇಲೆ ತುರಿಯುತ್ತಾರೆ. ತುರಿಯನ್ನು 'ರುಗುಮಾ' ಎಂಬ ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ ಮರಕ್ಕೆ ನೇತುಹಾಕಿ, ಕೆಳಗೆ ಭಾರವಿಟ್ಟು ಎಳೆಯುತ್ತಾರೆ. ಚೀಲವು ಕಿರಿದಾಗುತ್ತ ವಿಷಯುಕ್ತ ರಸವನ್ನು ಹಿಂಡುತ್ತದೆ. ಒಣಗಿದ ಹಿಟ್ಟನ್ನು ಜರಡಿ ಹಿಡಿದು ದೊಡ್ಡ ಕಾವಲಿಯ ಮೇಲೆ ಹರಡಿ ಬೇಯಿಸಲಾಗುತ್ತದೆ. ಈ ರೊಟ್ಟಿಯು ಬಹುಕಾಲ ಕೆಡುವುದಿಲ್ಲ. ಸ್ತ್ರೀಯರು ಗುಂಪಾಗಿ ಮಾಡುವ ಈ ಕೆಲಸವನ್ನು ಕೆಲವು ಊರುಗಳಲ್ಲಿ ಪ್ರವಾಸಿಗರು ನೋಡಿ ಕಲಿಯಲು ಅವಕಾಶವಿದೆ.

ಸಂಗೀತ ಮತ್ತು ನೃತ್ಯ

ಗರಿಫುನಾ ಸಂಗೀತದಲ್ಲಿ ಮರದ ಕಾಂಡವನ್ನು ಕೊರೆದು ಚರ್ಮ ಬಿಗಿದ ಎರಡು ಡೋಲುಗಳು ಮುಖ್ಯವಾದವು. 'ಸೆಗುಂಡಾ' ಎಂಬ ದೊಡ್ಡ ಡೋಲು ಸ್ಥಿರವಾದ ಲಯವನ್ನು ಹಿಡಿದರೆ, 'ಪ್ರಿಮೇರಾ' ಎಂಬ ಚಿಕ್ಕ ಡೋಲು ಅದರ ಮೇಲೆ ಬದಲಾಗುವ ನುಡಿತಗಳನ್ನು ಹೆಣೆಯುತ್ತದೆ. ಇಂದು ಉಲ್ಲಾಸದ ನೃತ್ಯವೆಂದು ಹೆಸರಾಗಿರುವ 'ಪುಂತಾ' ಸಾಂಪ್ರದಾಯಿಕವಾಗಿ ಮೃತರ ನೆನಪಿಗಾಗಿ ಜಾಗರಣೆಯ ರಾತ್ರಿ ನಡೆಯುವ ಕುಣಿತ. ಕ್ರಿಸ್ಮಸ್ ಸಮಯದ 'ವನರಾಗುವಾ' ಕುಣಿತದಲ್ಲಿ ಪುರುಷರು ಬಿಳಿಯ ಮುಖವಾಡ ಧರಿಸಿ, ಮೊಣಕಾಲಿಗೆ ಚಿಪ್ಪುಗಳನ್ನು ಕಟ್ಟಿಕೊಂಡು ಹಿಂದಿನ ಬಿಳಿಯ ಧಣಿಗಳನ್ನು ಅಣಕಿಸುತ್ತಾರೆ. ಇಲ್ಲಿ ಕುಣಿಯುವವನು ಡೋಲನ್ನು ಅನುಸರಿಸುವುದಿಲ್ಲ, ಡೋಲಿನವನೇ ಕುಣಿಯುವವನ ಹೆಜ್ಜೆಯನ್ನು ಅನುಸರಿಸುತ್ತಾನೆ.

1980ರ ದಶಕದ ಆರಂಭದಲ್ಲಿ ಡಂಗ್ರಿಗಾದ ಕಲಾವಿದ ಪೆನ್ ಕಯೆಟಾನೊ ಅವರು 'ಪುಂತಾ ರಾಕ್' ಶೈಲಿಯನ್ನು ರೂಪಿಸಿದರು. ಆಂಡಿ ಪಲಾಸಿಯೊ (1960–2008) ಅವರ 'ವಾಟಿನಾ' ಗೀತಸಂಪುಟವು 2007ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಹಾಪ್ಕಿನ್ಸ್ ಮತ್ತು ಡಂಗ್ರಿಗಾಗಳಲ್ಲಿ ಪ್ರವಾಸಿಗರಿಗೆ ಡೋಲು ನುಡಿಸುವುದನ್ನು ಕಲಿಸಲಾಗುತ್ತದೆ.

ನಂಬಿಕೆಗಳು ಮತ್ತು ಸಂದರ್ಶಕರ ಮರ್ಯಾದೆ

ಬಹುಪಾಲು ಗರಿಫುನಾ ಜನರು ಕ್ಯಾಥೊಲಿಕ್ ಕ್ರೈಸ್ತರಾಗಿದ್ದರೂ ಪೂರ್ವಜರ ಆರಾಧನೆಯನ್ನು ಉಳಿಸಿಕೊಂಡಿದ್ದಾರೆ. ಇದರಲ್ಲಿ ಅತಿ ದೊಡ್ಡದು 'ಡುಗು'. ಕುಟುಂಬದಲ್ಲಿ ಕಾಯಿಲೆ ಅಥವಾ ಕಷ್ಟ ಬಂದಾಗ ಅಸಂತುಷ್ಟರಾದ ಹಿರಿಯರೇ ಕಾರಣವೆಂದು ಕಂಡುಬಂದರೆ, 'ಬುಯೆಯ್' ಎಂಬ ಅರ್ಚಕರ ಮುಂದಾಳತ್ವದಲ್ಲಿ 'ದಬುಯಾಬಾ' ಎಂಬ ಗುಡಿಯಲ್ಲಿ ಹಲವು ದಿನ ಇದು ನಡೆಯುತ್ತದೆ. ದೂರದೇಶಗಳಲ್ಲಿರುವ ಬಂಧುಗಳೂ ಇದಕ್ಕಾಗಿ ಊರಿಗೆ ಮರಳುತ್ತಾರೆ. ಡುಗು ಪ್ರದರ್ಶನವಲ್ಲ, ಆಹ್ವಾನವಿಲ್ಲದೆ ಹೊರಗಿನವರು ಅದರೊಳಗೆ ಹೋಗುವುದನ್ನಾಗಲಿ ಛಾಯಾಚಿತ್ರ ತೆಗೆಯುವುದನ್ನಾಗಲಿ ಅಗೌರವವೆಂದು ಪರಿಗಣಿಸಲಾಗುತ್ತದೆ.

ಪ್ರವಾಸೋದ್ಯಮ ಮತ್ತು ಭೂಮಿಯ ಹಕ್ಕು

ಗರಿಫುನಾ ಊರುಗಳಿಗೆ ಪ್ರವಾಸಿಗರನ್ನು ಸೆಳೆಯುವ ಕಡಲತೀರವೇ ಅವುಗಳ ಅತಿದೊಡ್ಡ ವಿವಾದಕ್ಕೂ ಕಾರಣವಾಗಿದೆ. ಹೊಂಡುರಾಸ್‌ನಲ್ಲಿ ಸಮುದಾಯದ ಒಡೆತನದ ಭೂಮಿಯು ಐಷಾರಾಮಿ ವಸತಿ ಮತ್ತು ಪ್ರವಾಸೋದ್ಯಮ ಯೋಜನೆಗಳಿಗಾಗಿ ಪರಭಾರೆಯಾಗಿದೆ ಎಂಬ ದೂರುಗಳು ದೀರ್ಘಕಾಲದಿಂದ ಇವೆ. ತೆಲಾ ಪಟ್ಟಣದ ಬಳಿಯ ತ್ರಿಯುಂಫೊ ದೆ ಲಾ ಕ್ರೂಸ್ ಹಾಗೂ ಪುಂತಾ ಪಿಯೆದ್ರಾ ಎಂಬ ಸಮುದಾಯಗಳ ಪ್ರಕರಣಗಳಲ್ಲಿ ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯವು 2015ರಲ್ಲಿ ತೀರ್ಪು ನೀಡಿ, ಅವರ ಸಾಮೂಹಿಕ ಆಸ್ತಿಯ ಹಕ್ಕನ್ನು ಹೊಂಡುರಾಸ್ ಸರ್ಕಾರವು ಉಲ್ಲಂಘಿಸಿದೆ ಎಂದು ಹೇಳಿತು. 2020ರ ಜುಲೈನಲ್ಲಿ ತ್ರಿಯುಂಫೊ ದೆ ಲಾ ಕ್ರೂಸ್‌ನ ಸಮುದಾಯ ನಾಯಕರೊಬ್ಬರೂ ಸೇರಿದಂತೆ ಗರಿಫುನಾ ಪುರುಷರನ್ನು ಶಸ್ತ್ರಧಾರಿಗಳು ಅಪಹರಿಸಿದ ಘಟನೆಯು ಅಂತರರಾಷ್ಟ್ರೀಯ ಖಂಡನೆಗೆ ಗುರಿಯಾಯಿತು.

ಈ ಕಾರಣದಿಂದ, ಪ್ರವಾಸಿಗರು ತಂಗುವ ಸ್ಥಳದ ಒಡೆತನವು ಇಲ್ಲಿ ಮಹತ್ವದ ವಿಷಯವಾಗಿದೆ. ಊರಿನವರೇ ನಡೆಸುವ ಅತಿಥಿಗೃಹ, ಊಟದ ಮನೆ, ಡೋಲಿನ ತರಗತಿ ಮತ್ತು ಮೀನುಗಾರರ ದೋಣಿಗಳನ್ನು ಬಳಸಿದಾಗ ಆದಾಯವು ಊರಿನಲ್ಲಿಯೇ ಉಳಿಯುತ್ತದೆ. ಜೊತೆಗೆ, ರುಗುಮಾ ಹೆಣೆಯುವುದು, ಡೋಲು ಕೊರೆಯುವುದು ಮುಂತಾದ ಕೌಶಲಗಳನ್ನು ಕಲಿಯಲು ಕಿರಿಯರಿಗೂ ಒಂದು ಕಾರಣ ದೊರೆಯುತ್ತದೆ.